ಮೂರು ಹಳೆಯ ಸ್ಪೋರ್ಟ್ಸ್ ಕಾರು, ಒಂದು ವೈಪರ್ ಸ್ವಿಚ್ಚು

ಇಂಗ್ಲೆಂಡಿನ ಫಾಸ್ ವೇ ರಸ್ತೆಯಲ್ಲಿ ಮಳೆ ಹನಿಯತೊಡಗಿತು. ಎದುರಿಗೆ ಕುರಿ ತುಂಬಿದ ಟ್ರೈಲರ್, ಬೆನ್ನಿಗೆ ಅಂಟಿಕೊಂಡಂತೆ ಬರುತ್ತಿದ್ದ ವ್ಯಾನು. ನಾನು ಎಡಗೈ ಚಾಚಿ ವೈಪರಿನ ಸ್ವಿಚ್ಚನ್ನು ಅದುಮಿದೆ. ವೈಪರ್ ಅಲುಗಲಿಲ್ಲ, ನಕ್ಷೆ ಓದಲೆಂದು ಇಟ್ಟ ಪುಟ್ಟ ದೀಪ ಹೊತ್ತಿಕೊಂಡಿತು. ಇದರಾಚೆಯದಿರಬೇಕು ಎಂದುಕೊಂಡು ಕೈ ಸರಿಸಿ ಇನ್ನೊಂದನ್ನು ಅದುಮಿದೆ. ಗಾಜಿನ ಮೇಲೆ ನೀರು ಚಿಮ್ಮಿತು. ಧೂಳು, ಮಳೆ, ಚಿಮ್ಮಿದ ನೀರು ಮೂರೂ ಕಲಸಿ ರಸ್ತೆಯೇ ಕಾಣದಾಯಿತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮಾತಿಲ್ಲದೆ ಕೈ ಚಾಚಿ ಎರಡರ ನಡುವಿನ ಸ್ವಿಚ್ಚನ್ನು ಒತ್ತಿದಳು. ಮೂರು ವೈಪರುಗಳು ಒಟ್ಟಿಗೆ ಎದ್ದು ಗಾಜನ್ನು ಒರೆಸಿದವು. ಸ್ವಲ್ಪ ಹೊತ್ತಾದ ಮೇಲೆ, "ಜಗತ್ತಿನ ಅತಿ ಸುಂದರವಾದ ಕಾರು ಎಂದಿದ್ದಿರಲ್ಲ" ಎಂದಳು.

ಆ ಕಾರು 1966ರ ಜಾಗ್ವಾರ್ ಇ-ಟೈಪ್, 4.2 ಲೀಟರಿನ ಕೂಪೆ. ಒಂದು ದಿನದ ಬಾಡಿಗೆಗೆ ತಂದದ್ದು. ಆ ವೈಪರ್ ಪ್ರಸಂಗ ನಡೆಯದೇ ಹೋಗಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ಮುಂದಿನ ಎರಡು ಕಾರುಗಳನ್ನು ಹುಡುಕಿಕೊಂಡು ನಾನು ಹೋಗುತ್ತಲೂ ಇರಲಿಲ್ಲ.

ನಾನು ಹಾಸನದವನು. ಕೊವೆಂಟ್ರಿಗೆ ಬಂದು ಹನ್ನೊಂದು ವರ್ಷವಾಯಿತು. ಕಾರುಗಳ ಒಳಗಿನ ವೈರಿಂಗ್ ವಿನ್ಯಾಸ ನನ್ನ ಹೊಟ್ಟೆಪಾಡು. ಯಾವ ಗುಂಡಿ ಎಲ್ಲಿರಬೇಕು ಎಂದು ತಿಂಗಳುಗಟ್ಟಲೆ ಚರ್ಚೆ ಮಾಡಿ, ಕಡೆಗೆ ಎಲ್ಲ ಗುಂಡಿಗಳನ್ನೂ ಒಂದು ಪರದೆಯೊಳಗೆ ತುರುಕಿ ಕೈತೊಳೆದುಕೊಳ್ಳುವ ಸಭೆಗಳಲ್ಲಿ ನನ್ನ ದಿನ ಕಳೆಯುತ್ತದೆ. ಹಾಗಾಗಿ ಹಳೆಯ ಕಾರುಗಳ ಬಗ್ಗೆ ನನಗೆ ತುಸು ಹೆಚ್ಚೇ ಭಕ್ತಿ ಇತ್ತು. ಆ ಕಾಲದವರಿಗೆ ಎಲ್ಲವೂ ಗೊತ್ತಿತ್ತು, ನಾವು ಕೆಡಿಸಿದೆವು ಎಂಬ ಭಕ್ತಿ. ಒಂದೂವರೆ ವರ್ಷದಲ್ಲಿ ಮೂರು ಕಾರುಗಳನ್ನು ಓಡಿಸಿ ನೋಡಿದ ಮೇಲೆ ಆ ಭಕ್ತಿ ಪೂರ್ತಿ ಹೋಗಿಲ್ಲ, ಆದರೆ ದೇವರು ಬದಲಾಗಿದ್ದಾನೆ.

ಮೂರು ಕಾರುಗಳು ಇವು: ಆ ಜಾಗ್ವಾರ್, 1966ರದೇ ಎಂಜಿಬಿ ರೋಡ್‌ಸ್ಟರ್, ಮತ್ತು 1982ರ ಪೋರ್ಷೆ 911 ಎಸ್‌ಸಿ. ಮೊದಲೆರಡು ಇಲ್ಲಿಯೇ ಬಾಡಿಗೆಗೆ ಸಿಕ್ಕವು. ಮೂರನೆಯದು ಸ್ಟುಟ್‌ಗಾರ್ಟ್‌ನಲ್ಲಿರುವ ಧಾರವಾಡದ ಗೆಳೆಯನದು. ಹದಿನಾರು ವರ್ಷ ಕಿರಿಯದಾದ ಕಾರನ್ನು ಉಳಿದೆರಡರ ಜೊತೆ ತೂಗುವುದು ಅನ್ಯಾಯ ಎಂದು ಯಾರಾದರೂ ತಕರಾರು ತೆಗೆಯಬಹುದು. ಆದರೆ ಆ ಪೋರ್ಷೆಯ ಒಳಗೆ ಕುಳಿತವರಿಗೆ ಗೊತ್ತು, ಅದರ ಡ್ಯಾಶ್‌ಬೋರ್ಡ್ 1960ರ ದಶಕದಲ್ಲಿ ಮಾರಾಟಕ್ಕೆ ಬಂದ ಮೊದಲ 911ರ ಮೂಲ ರೂಪವನ್ನು ಬಿಟ್ಟುಕೊಟ್ಟೇ ಇಲ್ಲ. ಒಳಗಿನ ಲೆಕ್ಕದಲ್ಲಿ ಮೂವರೂ ಓರಗೆಯವರೇ.

ನನ್ನ ಪರೀಕ್ಷೆ ಸರಳ. ನಿಂತ ಕಾರಿನಲ್ಲಿ ಹತ್ತು ನಿಮಿಷ ಕುಳಿತು ಎಲ್ಲ ಸ್ವಿಚ್ಚುಗಳನ್ನೂ ನೋಡಿ ನೆನಪಿಟ್ಟುಕೊಳ್ಳುವುದು. ಆಮೇಲೆ ಕಣ್ಣು ಮುಚ್ಚುವುದು. ಪಕ್ಕದಲ್ಲಿ ಕುಳಿತವರು "ಹೆಡ್‌ಲೈಟ್", "ವೈಪರ್", "ಬಿಸಿಗಾಳಿ" ಎಂದು ಹತ್ತು ಹೆಸರು ಕೂಗುತ್ತಾರೆ; ತಡಕಾಡದೆ ನನ್ನ ಕೈ ಅಲ್ಲಿಗೆ ಹೋಗಬೇಕು. ದಿನದ ಕೊನೆಗೆ ಮತ್ತೊಮ್ಮೆ ಅದೇ ಪರೀಕ್ಷೆ. ಹೆಂಡತಿಗೆ ಇದು ಮಕ್ಕಳಾಟದಂತೆ ಕಂಡಿತು. ಆದರೆ ಹೆಸರು ಕೂಗುವುದರಲ್ಲಿ ಅವಳು ತೋರಿಸಿದ ಉತ್ಸಾಹ ಮಾತ್ರ ಮಕ್ಕಳದ್ದೇ.

ಜಾಗ್ವಾರ್‌ನ ಸೆಳೆತದ ಬಗ್ಗೆ ಹೊಸದಾಗಿ ಹೇಳುವುದು ಕಷ್ಟ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಅದನ್ನು ಜಗತ್ತಿಗೆ ತೋರಿಸಿದಾಗ, ಓಡಿಸಿ ನೋಡಬೇಕೆನ್ನುವವರ ಸಾಲು ಎಷ್ಟು ಬೆಳೆಯಿತೆಂದರೆ ಇನ್ನೊಂದು ಕಾರು ಬೇಕೆಂದು ಕೊವೆಂಟ್ರಿಗೆ ಕರೆ ಹೋಯಿತು. ಕಂಪನಿಯ ಪರೀಕ್ಷಾ ಚಾಲಕ ನಾರ್ಮನ್ ಡೂಯಿಸ್ ರಾತ್ರಿಯಿಡೀ ಓಡಿಸಿಕೊಂಡು ಬೆಳಗಾಗುವುದರೊಳಗೆ ಜಿನೀವಾ ಮುಟ್ಟಿಸಿದ. ಗಂಟೆಗೆ 150 ಮೈಲಿ ಎಂದು ಹೇಳಿಕೊಂಡ ಕಾರಿಗೆ ಇಂಗ್ಲೆಂಡಿನಲ್ಲಿ ಆಗ 2,100 ಪೌಂಡಿನ ಆಸುಪಾಸು ಬೆಲೆ. ಅಷ್ಟು ವೇಗದ ಇಟಲಿಯ ಕಾರುಗಳಿಗೆ ಅದರ ಎರಡರಷ್ಟಕ್ಕೂ ಹೆಚ್ಚು ತೆರಬೇಕಿತ್ತು. ಆಕಾರ ಕೊಟ್ಟವನು ಮಾಲ್ಕಮ್ ಸೇಯರ್. ವಿಮಾನದ ಕೆಲಸ ಕಲಿತು ಬಂದವನು. ಗೆರೆಗಳನ್ನು ಕೈಗೆ ಬಂದಂತೆ ಎಳೆಯದೆ, ಲೆಕ್ಕ ಹಾಕಿ ಬಿಂದು ಬಿಂದುವಾಗಿ ಕಟ್ಟಿದವನು. ತನ್ನನ್ನು ಅಲಂಕಾರದವನೆಂದು ಕರೆದರೆ ಅವನಿಗೆ ಹಿಡಿಸುತ್ತಿರಲಿಲ್ಲ. ಕಾರ್ಖಾನೆ ಇದ್ದ ಬ್ರೌನ್ಸ್ ಲೇನ್ ನನ್ನ ಮನೆಯಿಂದ ದೂರವಿಲ್ಲ. 2008ರಲ್ಲಿ ಟಾಟಾದವರು ಜಾಗ್ವಾರನ್ನು ಕೊಂಡ ಮೇಲೆ ಹಾಸನದ ನೆಂಟರ ಪಾಲಿಗೆ ಇದೂ "ನಮ್ಮ ಕಾರೇ".

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಸಾಕು, ಜನ ಸೇರುತ್ತಾರೆ. ಒಬ್ಬ ಮುದುಕರು ಬಾನೆಟ್ಟಿನ ಉಬ್ಬಿನ ಮೇಲೆ ಅಂಗೈ ಇಟ್ಟು, ಹಸುವಿನ ಬೆನ್ನು ಸವರುವ ಹಾಗೆ ಒಂದು ಸಲ ಸವರಿ, ಏನೂ ಹೇಳದೆ ಹೋದರು. ನನಗೆ ಆ ಸವರಿಕೆ ಅರ್ಥವಾಯಿತು. ಆದರೆ ಒಳಗೆ ಕುಳಿತು ಹೊರಟೊಡನೆ ಆ ಚೆಲುವಿನಲ್ಲಿ ಮುಕ್ಕಾಲು ಪಾಲು ಹೊರಗಿನವರ ಪಾಲಾಗುತ್ತದೆ. ನಮಗುಳಿಯುವುದು ಮುಂದೆ ಚಾಚಿದ ಬಾನೆಟ್ಟಿನ ಉಬ್ಬು ಮಾತ್ರ. ಅದರ ತುದಿ ಎಲ್ಲಿ ಮುಗಿಯುತ್ತದೆಂದು ಚಾಲಕನಿಗೆ ಕಾಣುವುದಿಲ್ಲ; ಕಾರು ನಿಲ್ಲಿಸುವಾಗ ಗೋಡೆಯನ್ನು ನಂಬಿಕೆಯಿಂದಲೇ ಅಂದಾಜು ಮಾಡಬೇಕು.

ಇನ್ನು ಆ ಡ್ಯಾಶ್‌ಬೋರ್ಡ್. ಚಿತ್ರದಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ಮರದ ಅಂಚಿನ ತೆಳ್ಳನೆಯ ಸ್ಟೀರಿಂಗ್, ಅದರ ಹಿಂದೆ ವೇಗದ ಮೀಟರ್ ಮತ್ತು ಆರ್‌ಪಿಎಂ ಮೀಟರ್, ನಡುವಿನ ಫಲಕದಲ್ಲಿ ನಾಲ್ಕು ಸಣ್ಣ ಮೀಟರುಗಳು, ಅವುಗಳ ಮಧ್ಯೆ ದೀಪಗಳ ತಿರುಗುಗುಂಡಿ. ಅದರ ಕೆಳಗೆ ಒಂದೇ ಗೆರೆಯಲ್ಲಿ ನಿಂತ, ಮೇಲೆ-ಕೆಳಗೆ ಮೀಟುವ ಕಡ್ಡಿಯಂಥ ಟಾಗಲ್ ಸ್ವಿಚ್ಚುಗಳು: ಎಡಕ್ಕೆ ಮೂರು, ಬಲಕ್ಕೆ ಮೂರು. ನಡುವೆ ಬೀಗದ ಕೈ, ಸಿಗರೇಟ್ ಹೊತ್ತಿಸುವ ಗುಂಡಿ ಮತ್ತು ಇಂಜಿನ್ ಚಾಲೂ ಮಾಡುವ ಗುಂಡಿ. ಕೆಳಗಿನ ಪಟ್ಟಿಯಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ ಹೆಸರುಗಳು. ಯುದ್ಧವಿಮಾನದ ಒಳಗೆ ಕುಳಿತಂತೆ ಅನ್ನಿಸಬೇಕು ಎಂಬುದೇ ಉದ್ದೇಶ, ಅನ್ನಿಸುತ್ತದೆ ಕೂಡ. ಬೀಗದ ಕೈ ತಿರುಗಿಸಿ, ಪೆಟ್ರೋಲ್ ಪಂಪಿನ ಟಕಟಕ ಕೇಳಿ, ಆಮೇಲೆ ಬೇರೆಯೇ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಆರು ಸಿಲಿಂಡರುಗಳನ್ನು ಎಬ್ಬಿಸುವುದಿದೆಯಲ್ಲ, ಅದಕ್ಕೆ ಬಾಡಿಗೆಯ ಅರ್ಧ ಹಣ ಕೊಡಬಹುದು. ಟಾಗಲ್ ಸ್ವಿಚ್ಚುಗಳ ಸದ್ದೂ ಅಷ್ಟೇ. ಹಳೆಯ ಮನೆಗಳಲ್ಲಿ ಮರದ ಹಲಗೆಯ ಮೇಲಿದ್ದ ಕಪ್ಪು ಸ್ವಿಚ್ಚುಗಳಿಗೆ ಇದ್ದ ಅದೇ ದಿಟ್ಟ 'ಟಕ್'.

ತೊಂದರೆ ಏನೆಂದರೆ, ಆ ಆರೂ ಒಂದೇ ಥರ. ಒಂದೇ ಗಾತ್ರ, ಒಂದೇ ಆಕಾರ, ಒಂದೇ ಬಿಗುವು. ಬೆರಳಿನ ತುದಿಗೆ ಇದು ಯಾವುದೆಂದು ತಿಳಿಯಲು ಯಾವ ದಾರಿಯೂ ಇಲ್ಲ. ಕಣ್ಣು ಇಳಿಸಿ ಓದಬೇಕು, ಇಲ್ಲವೇ ತುದಿಯಿಂದ ಎಣಿಸಬೇಕು. "ನಮ್ಮ ಅಡುಗೆಮನೆಗೆ ನಿಮ್ಮ ತಂಗಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳನ್ನು ತಂದುಕೊಟ್ಟಿದ್ದಳಲ್ಲ, ಹಾಗೆ" ಎಂದಳು ಹೆಂಡತಿ. "ಸಾಲಾಗಿಟ್ಟರೆ ನೋಡಲು ಚೆಂದ. ಒಗ್ಗರಣೆ ಸೀಯುತ್ತಿರುವಾಗ ಸಾಸಿವೆ ಯಾವುದರಲ್ಲಿದೆ ಎಂದು ಮೂರು ಮುಚ್ಚಳ ತೆಗೆಯಬೇಕು."

ಅವಳಿಗೆ ಗೊತ್ತಿಲ್ಲದೆ ಅವಳು ನನ್ನ ವೃತ್ತಿಯ ಹಳೆಯ ಪಾಠವೊಂದನ್ನು ಒಪ್ಪಿಸಿದ್ದಳು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರುಗಳ ಪೈಲಟ್‌ಗಳು ಕ್ಷೇಮವಾಗಿ ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರಗಳನ್ನೇ ಮಡಚಿ, ವಿಮಾನವನ್ನು ಹೊಟ್ಟೆಯ ಮೇಲೆ ಕೂರಿಸುತ್ತಿದ್ದರು. ಪೈಲಟ್‌ಗಳ ಅಜಾಗರೂಕತೆ ಎಂದೇ ಮೊದಲು ಬರೆದುಕೊಂಡರು. ಅಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಹೋಗಿ ನೋಡಿದರೆ, ಎರಡೂ ಕೆಲಸದ ಸ್ವಿಚ್ಚುಗಳು ಅಕ್ಕಪಕ್ಕದಲ್ಲಿ, ಅವಳಿಗಳ ಹಾಗೆ ಇದ್ದವು. ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನ ಹಿಡಿಗೆ ಬೆಣೆಯಂಥ ಆಕಾರ ಕೊಟ್ಟ ಮೇಲೆ ಆ ಅಪಘಾತಗಳು ನಿಂತವು. ವಿಮಾನದವರು 1940ರ ದಶಕದಲ್ಲೇ ಪೆಟ್ಟು ತಿಂದು ಬಿಟ್ಟ ತಪ್ಪನ್ನು, ವಿಮಾನದ ಹಾಗೆ ಕಾಣಲೆಂದು ಕಾರಿನವರು 1960ರ ದಶಕದಲ್ಲಿ ಎತ್ತಿಕೊಂಡರು. ಇದು ಜಾಗ್ವಾರ್ ಒಂದರ ಮಾತಲ್ಲ, ಆ ಕಾಲದ ಇಂಗ್ಲಿಷ್ ಕಾರುಗಳ ಸಾಮಾನ್ಯ ಶೋಕಿ. ಈಗಿನ ನಮ್ಮ ನುಣುಪಾದ ಪರದೆಗಳಲ್ಲಿ ಬೆರಳಿಗೆ ತಾಗುವ ಗಡಿಯೇ ಇಲ್ಲ. ನಾವು ಆ ಶೋಕಿಯನ್ನು ಇನ್ನಷ್ಟು ಮುಂದಕ್ಕೆ ಒಯ್ದಿದ್ದೇವೆ ಅಷ್ಟೆ.

ಬೆಳಿಗ್ಗೆ ಕಣ್ಣುಮುಚ್ಚಿದ ಪರೀಕ್ಷೆಯಲ್ಲಿ ಹತ್ತಕ್ಕೆ ನಾಲ್ಕು ಬಂತು. ನೂರಿಪ್ಪತ್ತು ಮೈಲಿ ಓಡಿಸಿ ಸಂಜೆ ಮತ್ತೆ ಕುಳಿತಾಗಲೂ ನಾಲ್ಕೇ.

ಮುಂದೆ ಗೇಡನ್‌ನ ಕಾರು ಮ್ಯೂಸಿಯಂ ಆವರಣದಲ್ಲಿ ಹಳೆಯ ಕಾರಿನವರು ಸೇರಿದ್ದಾಗ, ಇದೇ ಕಾರಿನ ಎರಡನೆಯ ಸರಣಿಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಲು ಒಬ್ಬರು ಬಿಟ್ಟರು. 1968ರಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳು ಬಂದಾಗ, ಡಿಕ್ಕಿಯಾದರೆ ಮೊಣಕಾಲಿಗೋ ಮುಖಕ್ಕೋ ಚುಚ್ಚುವಂಥ ಟಾಗಲ್‌ಗಳು ಹೋಗಿ ಅಗಲವಾದ ಚಪ್ಪಟೆ ಸ್ವಿಚ್ಚುಗಳು ಬಂದವು. ಚಾಲೂ ಮಾಡುವ ಗುಂಡಿಯನ್ನೂ ತೆಗೆದು ಆ ಕೆಲಸವನ್ನು ಬೀಗದ ಕೈಗೇ ವಹಿಸಿದರು. ಹಳಬರು ಈ ಬದಲಾವಣೆಯನ್ನು ಇಂದಿಗೂ ಶಪಿಸುತ್ತಾರೆ. ನನಗೂ ನೋಡಿದೊಡನೆ ಮನಸ್ಸು ಮುದುಡಿತು, ಮದುವೆಮನೆಯ ತೋರಣ ಬಿಚ್ಚಿದ ಮಾರನೆಯ ದಿನದಂತೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಬೆರಳಿಗೆ ಯಾವ ಲುಕ್ಸಾನೂ ಆಗಿರಲಿಲ್ಲ, ಲಾಭವೂ ಆಗಿರಲಿಲ್ಲ. ಸಾಲು ಹಾಗೆಯೇ ಇತ್ತು. ಡಬ್ಬಿಗಳು ಮಾತ್ರ ಸ್ಟೀಲಿನಿಂದ ಪ್ಲಾಸ್ಟಿಕ್ಕಿಗೆ ಬದಲಾಗಿದ್ದವು.

ಎಂಜಿಬಿಯನ್ನು ನಾನು ಬಾಡಿಗೆಗೆ ತಂದದ್ದು ನಿಜ ಹೇಳಬೇಕೆಂದರೆ ಕರುಣೆಯಿಂದ. ಇಂಗ್ಲೆಂಡಿನಲ್ಲಿ ಅದು ತೀರಾ ಮಾಮೂಲಿ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಿಂದ 5 ಲಕ್ಷಕ್ಕೂ ಹೆಚ್ಚು ಹೊರಬಿದ್ದವು. ಭಾನುವಾರ ಬಿಸಿಲು ಬಿದ್ದರೆ ಪ್ರತಿ ಹಳ್ಳಿಯ ಪಬ್ಬಿನ ಮುಂದೆಯೂ ಒಂದು ನಿಂತಿರುತ್ತದೆ. ಬಂಕಿನಲ್ಲಿ ಯಾರೂ ಬಂದು ಸವರಲಿಲ್ಲ. ಗಂಟೆಗೆ ನೂರು ಮೈಲಿಯನ್ನು ತುಸು ದಾಟುವಷ್ಟು ಕಸುವು, ಗಾಳಿಯಲ್ಲಿ ಪಟಪಟಿಸುವ ಕ್ಯಾನ್ವಾಸ್ ಮಾಡು.

ಆದರೆ ಬೀಗದ ಕೈ ತಿರುಗಿಸಿದ ಕ್ಷಣ ನಾನು ಬೆಚ್ಚಿದೆ. ಆ ಸದ್ದು ನನಗೆ ಗೊತ್ತಿತ್ತು.

ಎಂಜಿಬಿಯ 1798 ಸಿಸಿ ಇಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿಯವರ ಬಿ-ಸೀರೀಸ್ ವಂಶದ್ದು. ಅಂಬಾಸಿಡರಿನಲ್ಲಿ ದಶಕಗಳ ಕಾಲ ಇದ್ದ 1489 ಸಿಸಿ ಪೆಟ್ರೋಲ್ ಇಂಜಿನ್ ಅದೇ ವಂಶದ್ದು. ಎರಡು ಎಸ್‌ಯು ಕಾರ್ಬ್ಯುರೇಟರು ಹಾಕಿ, ಎದೆ ಸ್ವಲ್ಪ ಅಗಲ ಮಾಡಿ ಓಟಕ್ಕೆ ಕಳಿಸಿದ ದಾಯಾದಿ. ತಣ್ಣಗಿದ್ದಾಗ ಮೊದಲ ಅರ್ಧ ನಿಮಿಷ ತಡವರಿಸುವ ರೀತಿ, ಚೋಕ್ ಒಳಗೆ ತಳ್ಳಿದಾಗ ಒಮ್ಮೆ ಮುಗ್ಗರಿಸಿ ಸುಧಾರಿಸಿಕೊಳ್ಳುವ ರೀತಿ, ವಾಲ್ವುಗಳ ಆ ಟಿಕಿಟಿಕಿ: ಚಳಿಗಾಲದ ಬೆಳಿಗ್ಗೆ ಅಪ್ಪ ಸಕಲೇಶಪುರದ ಕಡೆ ಹೊರಡುವಾಗ ನಮ್ಮ ಮನೆಯ ಅಂಗಳದಲ್ಲಿ ಕೇಳುತ್ತಿದ್ದದ್ದು ಇದೇ.

ಒಳಗೂ ಹಾಗೆಯೇ. ಸುಕ್ಕು ಬಣ್ಣ ಬಳಿದ ಕಪ್ಪು ತಗಡಿನ ಡ್ಯಾಶ್‌ಬೋರ್ಡ್, ಅಲಂಕಾರವೆಂದರೆ ಮೀಟರುಗಳ ಸುತ್ತ ಕ್ರೋಮ್ ಬಳೆಗಳು. ತಂತಿಯಂಥ ಕಡ್ಡಿಗಳ ದೊಡ್ಡ ಸ್ಟೀರಿಂಗ್. ಟಾಗಲ್ ಸ್ವಿಚ್ಚುಗಳು ಇಲ್ಲಿಯೂ ಇವೆ, ಆದರೆ ಕೆಲವೇ ಕೆಲವು. ಚೋಕ್ ಎಳೆಯುವ ಗುಂಡಿ, ಬಿಸಿಗಾಳಿಯದು ತಿರುಗಿಸುವ ಗುಂಡಿ. ಅದೇ ವೇಗದಲ್ಲಿ ಇಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಓವರ್‌ಡ್ರೈವಿನ ಸ್ವಿಚ್ಚು ಮಾತ್ರ ಒಂಟಿಯಾಗಿ, ಬಾಗಿಲ ಕಡೆಗೆ, ಸ್ಟೀರಿಂಗಿನಿಂದ ಬೆರಳು ಚಾಚಿದರೆ ಸಿಗುವ ಹಾಗಿದೆ. ಮೂರನೆಯ ಮತ್ತು ನಾಲ್ಕನೆಯ ಗೇರಿನಲ್ಲಿರುವಾಗ ಅದನ್ನು ಮೀಟಿದರೆ ಇಂಜಿನ್ ಒಂದು ನಿಟ್ಟುಸಿರು ಬಿಟ್ಟು ತಣ್ಣಗಾಗುತ್ತದೆ. ಆ ಸ್ವಿಚ್ಚನ್ನು ಅಲ್ಲಿ ಇಟ್ಟವನು ಯಾರೋ, ಅವನು ಕಾರು ಓಡಿಸುತ್ತಿದ್ದವನು.

ಆಮೇಲೆ ಡಿಪ್ಪರ್. ಬ್ರಾಡ್‌ವೇ ಊರಿನ ಮೇಲಿನ ಫಿಷ್ ಹಿಲ್ ಇಳಿಯುವಾಗ ಕತ್ತಲಾಗಿತ್ತು. ಎದುರಿನಿಂದ ಲಾರಿಯೊಂದು ಬಂತು. ನಾನು ಯೋಚನೆ ಮಾಡುವ ಮೊದಲೇ ನನ್ನ ಎಡಗಾಲು ಕ್ಲಚ್ಚಿನ ಪಕ್ಕಕ್ಕೆ ಸರಿದು ನೆಲದಲ್ಲಿದ್ದ ಉಕ್ಕಿನ ಗುಂಡಿಯನ್ನು ಒತ್ತಿತು, ದೀಪ ತಗ್ಗಿತು. ಬೆಳಿಗ್ಗೆ ಡಿಪ್ಪರ್ ಎಲ್ಲಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಅಪ್ಪನ ಅಂಬಾಸಿಡರಿನಲ್ಲಿ ಶಿರಾಡಿ ಘಾಟಿಯ ತಿರುವುಗಳಲ್ಲಿ ಕಲಿತದ್ದನ್ನು ಕಾಲು ಇಪ್ಪತ್ತು ವರ್ಷ ಜೋಪಾನ ಮಾಡಿಟ್ಟುಕೊಂಡಿತ್ತು. ಮೊದಲ ಗೇರಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೋಮೆಶ್ ಇಲ್ಲದ್ದರಿಂದ ಕಾರು ಪೂರ್ತಿ ನಿಲ್ಲದೆ ಅದಕ್ಕೆ ಹಾಕಿದರೆ ಹಲ್ಲು ಕಡಿಯುವ ಸದ್ದು. ಅದೂ ಅಲ್ಲಿಯದೇ ಪಾಠ, ಅಪ್ಪನ ಬೈಗುಳದ ಸಮೇತ.

ಪರೀಕ್ಷೆಯಲ್ಲಿ ಬೆಳಿಗ್ಗೆ ಎಂಟು, ಸಂಜೆ ಒಂಬತ್ತು. ತಪ್ಪಿದ್ದು ಬಿಸಿಗಾಳಿಯ ಗುಂಡಿ. ಯಾವ ಕಡೆಗೆ ತಿರುಗಿಸಿದರೂ ಕಾಲು ಬೆಚ್ಚಗಾದ ಹಾಗೆ ಕಾಣಲಿಲ್ಲ. ಅಂಕ ಕೊಡುವುದರಲ್ಲಿ ನಾನು ಪಕ್ಷಪಾತಿ ಎಂದರೆ ಒಪ್ಪಿಕೊಳ್ಳುತ್ತೇನೆ. ಹಾಸನದ ಅಂಬಾಸಿಡರ್ ನನ್ನ ಪರವಾಗಿ ಮೊದಲೇ ಓದಿಕೊಂಡು ಬಂದಿತ್ತು.

ಪೋರ್ಷೆಯ ಕಥೆ ಬೇರೆ. ಅದು ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು.

ಮೊದಲಿಗೆ ಆ ಕಾರು ಬದುಕಿ ಉಳಿದದ್ದೇ ಒಂದು ಸ್ವಾರಸ್ಯ. 1970ರ ದಶಕದ ಕೊನೆಗೆ 911ರ ಕಾಲ ಮುಗಿಯಿತೆಂದು ಕಂಪನಿಯೇ ತೀರ್ಮಾನಿಸಿತ್ತು. ಮುಂದೆ ಇಂಜಿನ್ ಇರುವ 928 ಅದರ ಜಾಗಕ್ಕೆ ಬರಬೇಕಿತ್ತು. 1981ರಲ್ಲಿ ಹೊಸದಾಗಿ ಬಂದ ಮುಖ್ಯಸ್ಥ ಪೀಟರ್ ಶುಟ್ಜ್, ಎಂಜಿನಿಯರ್ ಹೆಲ್ಮುತ್ ಬಾಟ್ ಅವರ ಕೋಣೆಯ ಗೋಡೆಯಲ್ಲಿದ್ದ ನಕ್ಷೆಯಲ್ಲಿ 911ರ ಗೆರೆ ಆ ವರ್ಷಕ್ಕೇ ನಿಂತದ್ದನ್ನು ಕಂಡರು. ಪೆನ್ನು ತೆಗೆದುಕೊಂಡು ಆ ಗೆರೆಯನ್ನು ಕಾಗದದ ಅಂಚು ದಾಟಿಸಿ ಗೋಡೆಯ ಮೇಲೂ ಎಳೆದರು. ಆ ಗೆರೆ ಇವತ್ತಿಗೂ ನಿಂತಿಲ್ಲ. ನನ್ನ ಗೆಳೆಯನ ಕಾರು ಅದರ ಮರುವರ್ಷದ್ದು. 3 ಲೀಟರಿನ, ಗಾಳಿಯಿಂದಲೇ ತಣ್ಣಗಾಗುವ, ಹಿಂದಿನ ಅಚ್ಚಿಗೂ ಹಿಂದೆ ಕುಳಿತ ಆರು ಸಿಲಿಂಡರುಗಳು, 204 ಅಶ್ವಶಕ್ತಿ.

ಹೊರಗಿನಿಂದ ಅದು ಜಾಗ್ವಾರಿನಂತೆ ಎದೆಗೆ ಬಡಿಯುವುದಿಲ್ಲ. ದುಂಡಗಿನ ಕಪ್ಪೆ ಎನ್ನಬಹುದು. ಆದರೆ ಬಾಗಿಲು ಹಾಕಿದಾಗ ಬರುವ ಸದ್ದು ಕೇಳಬೇಕು. ಬ್ಯಾಂಕಿನ ತಿಜೋರಿಯ ಅಗುಳಿ ಬಿದ್ದಂಥ ಲೋಹದ ಸದ್ದು. ಗೆಳೆಯ ಅದನ್ನು ಕೇಳಿಸಲೆಂದೇ ಮೂರು ಸಲ ತೆಗೆದು ಹಾಕಿದ. ಒಳಗೆ ಕುಳಿತರೆ ಎರಡು ಹೆಡ್‌ಲೈಟುಗಳ ಮೇಲಿನ ಉಬ್ಬುಗಳು ಗಾಜಿನಾಚೆ ಎಡಕ್ಕೊಂದು ಬಲಕ್ಕೊಂದು ಕಾಣುತ್ತವೆ, ಎತ್ತಿನ ಕೊಂಬುಗಳ ಹಾಗೆ. ಅವುಗಳ ನಡುವೆ ರಸ್ತೆಯನ್ನು ಹಿಡಿದುಕೊಂಡು ಹೋದರಾಯಿತು. ಕಾರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ಅನುಮಾನವೇ ಇರುವುದಿಲ್ಲ. ಹೊರಗಿನ ಆಕಾರ ಓಡಿಸುವವನಿಗೂ ಉಪಯೋಗಕ್ಕೆ ಬಂದದ್ದು ಈ ಮೂರರಲ್ಲಿ ಇದೊಂದರಲ್ಲೇ.

ಆದರೆ ಒಳಗಿನ ವ್ಯವಸ್ಥೆ! ಇದು ವ್ಯವಸ್ಥೆ ಎಂದು ಯಾರಾದರೂ ಹೇಳದಿದ್ದರೆ ಗೊತ್ತಾಗುವುದಿಲ್ಲ. ಬೀಗದ ಕೈ ಸ್ಟೀರಿಂಗಿನ ಎಡಕ್ಕೆ. ಫ್ರಾನ್ಸಿನ ಲೆ ಮಾನ್ಸ್ ಕಾರು ಪಂದ್ಯದಲ್ಲಿ ಚಾಲಕರು ಓಡಿಬಂದು ಕಾರು ಹತ್ತುತ್ತಿದ್ದ ಕಾಲದಲ್ಲಿ ಎಡಗೈಯಲ್ಲಿ ಚಾಲೂ ಮಾಡುತ್ತಾ ಬಲಗೈಯಲ್ಲಿ ಗೇರ್ ಹಾಕಲೆಂದು ಬಂದದ್ದು ಎಂಬ ಕಥೆಯನ್ನು ಪೋರ್ಷೆಯವರೆಲ್ಲ ಹೆಮ್ಮೆಯಿಂದ ಹೇಳುತ್ತಾರೆ, ಗೆಳೆಯನೂ ಹೇಳಿದ. ಹೆಡ್‌ಲೈಟಿನದು ಎಳೆಯುವ ಗುಂಡಿ. ಅದನ್ನೇ ತಿರುಗಿಸಿದರೆ ಮೀಟರುಗಳ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಕೆಲವು ಸ್ವಿಚ್ಚುಗಳು ಸ್ಟೀರಿಂಗಿನ ಅಂಚಿನ ಮರೆಯಲ್ಲಿ ಅಡಗಿ ಕುಳಿತಿವೆ. ಬಿಸಿಗಾಳಿ ಎಷ್ಟು ಬೇಕೆಂದು ಹೇಳುವ ಹಿಡಿ ಎರಡು ಆಸನಗಳ ನಡುವೆ, ಹ್ಯಾಂಡ್‌ಬ್ರೇಕಿನ ಬಳಿ. ಆ ಗಾಳಿ ಎತ್ತ ಹೋಗಬೇಕೆಂದು ಹೇಳುವ ಜಾರುಗುಂಡಿಗಳು ಡ್ಯಾಶ್‌ಬೋರ್ಡಿನ ಮೇಲೆ. ಶಾಖ ಬರುವುದು ಹೊಗೆಕೊಳವೆಯ ಸುತ್ತ ಬೀಸುವ ಗಾಳಿಯಿಂದಾದ್ದರಿಂದ ಇಂಜಿನ್ ಜೋರಾದರೆ ಕಾಲು ಸುಡುತ್ತದೆ, ನಿಧಾನಿಸಿದರೆ ಚಳಿ. ಬಾಡಿಗೆ ಮನೆಗೆ ವರ್ಷಕ್ಕೊಂದು ಪ್ಲಗ್ ಪಾಯಿಂಟ್ ಕೂಡಿಸುತ್ತಾ ಹೋದ ಮಾಲೀಕನ ಹಾಗೆ, ಹೊಸದೇನು ಬಂದರೂ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಚುಚ್ಚಿದ್ದಾರೆ.

ಪೆಡಲುಗಳು ಮೇಲಿನಿಂದ ಜೋತುಬೀಳದೆ ನೆಲದಿಂದ ಎದ್ದು ನಿಂತಿವೆ, ಬೀಟಲ್ ಕಾರಿನಿಂದ ಬಂದ ಬಳುವಳಿ. ಕಾಲನ್ನು ಮುಂದಕ್ಕೆ ತಳ್ಳುವ ಬದಲು ಹಾರ್ಮೋನಿಯಂ ತಿದಿಯ ಹಾಗೆ ಮಡಚಿ ಒತ್ತಬೇಕು. ಮೊದಲ ಅರ್ಧ ಗಂಟೆ ನಾನು ಕ್ಲಚ್ ಬಿಟ್ಟ ಪ್ರತಿ ಸಲವೂ ಗೆಳೆಯ ಕಿಟಕಿಯಾಚೆ ನೋಡುತ್ತಿದ್ದ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಡಬೇಡ, ಹಿಂದಿನ ಭಾರ ಮುಂದೆ ಬರಲು ನೋಡುತ್ತದೆ ಎಂಬ ಎಚ್ಚರಿಕೆಯನ್ನು ಮಾತ್ರ ಮೂರು ಸಲ ಹೇಳಿದ.

ಪರೀಕ್ಷೆಯಲ್ಲಿ ಮೊದಲ ಬೆಳಿಗ್ಗೆ ಐದು ಬಂತು. ನಿರೀಕ್ಷೆ ಮಾಡಿದ್ದೇ. ಆದರೆ ಶ್ವಾಬಿಯನ್ ಆಲ್ಬ್ ಬೆಟ್ಟಗಳ ಕಡೆ, ಬಾಡ್ ಊರಾಖ್‌ವರೆಗೆ ಹೋಗಿ ಬಂದು ಸಂಜೆ ಮತ್ತೆ ಕುಳಿತಾಗ ಎಂಟು. ಮಾರನೆಯ ದಿನ ಒಂಬತ್ತು. ಮೂರರಲ್ಲಿ ಇಷ್ಟು ಬೇಗ ಕೈಗೆ ಕಲಿಸಿದ್ದು ಇದೇ, ನೋಡಲು ಅತಿ ಗೊಂದಲದ ಈ ಕಾರೇ. ಏಕೆಂದು ಯೋಚಿಸುತ್ತಾ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ತೀರಾ ಸಾದಾ. ಇಲ್ಲಿ ಯಾವುದೂ ಇನ್ನೊಂದರ ಹಾಗಿಲ್ಲ. ಎಳೆಯುವುದು ಎಳೆಯುವುದೇ, ತಿರುಗಿಸುವುದು ತಿರುಗಿಸುವುದೇ. ಎತ್ತುವ ಹಿಡಿ ಸೊಂಟದ ಪಕ್ಕ, ಜಾರಿಸುವ ಗುಂಡಿ ಮುಂದೆ. ವೈಪರ್ ಸ್ಟೀರಿಂಗಿನ ಬಲಗಡೆಯ ಲಿವರಿನಲ್ಲಿದೆ, ಕೈ ಎತ್ತಲೇಬೇಕಿಲ್ಲ. ಕೈ ತಪ್ಪು ಜಾಗಕ್ಕೆ ಹೋದರೂ ಮುಟ್ಟಿದೊಡನೆ "ಇದಲ್ಲ" ಎಂದು ಬೆರಳಿಗೆ ಗೊತ್ತಾಗುತ್ತದೆ. ಅದುಮಿ, ತಪ್ಪು ದೀಪ ಹೊತ್ತಿಸಿ ತಿಳಿಯಬೇಕಾಗಿಲ್ಲ. ಚಪಾನಿಸ್ ಬಾಂಬರಿನಲ್ಲಿ ಬುದ್ಧಿಯಿಂದ ಮಾಡಿದ್ದು ಇಲ್ಲಿ ಅಡ್ಡಾದಿಡ್ಡಿತನದಿಂದಲೇ ಒದಗಿಬಂದಿದೆ. ನಮ್ಮಜ್ಜಿಯ ಅಡುಗೆಮನೆಯಲ್ಲಿ ಸಾಸಿವೆ ಹಾರ್ಲಿಕ್ಸ್ ಬಾಟಲಿಯಲ್ಲಿ, ಜೀರಿಗೆ ತಗಡಿನ ಡಬ್ಬಿಯಲ್ಲಿ, ಮೆಂತ್ಯ ಭರಣಿಯಲ್ಲಿ ಇರುತ್ತಿತ್ತು. ಕರೆಂಟು ಹೋದರೂ ಒಗ್ಗರಣೆ ನಿಲ್ಲುತ್ತಿರಲಿಲ್ಲ.

ಒಂದು ವಿಷಯದಲ್ಲಂತೂ ಪೋರ್ಷೆಯವರು ಅಡ್ಡಾದಿಡ್ಡಿ ಅಲ್ಲವೇ ಅಲ್ಲ: ಮೀಟರುಗಳು. ಐದು ದುಂಡು ಮೀಟರುಗಳು ಒಂದಕ್ಕೊಂದು ತಾಗಿ ನಿಂತಿವೆ. ನಟ್ಟನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಆರ್‌ಪಿಎಂ ಮೀಟರ್, ವೇಗದ್ದು ಅದರ ಪಕ್ಕಕ್ಕೆ. ಗಡಿಯಾರಕ್ಕೆ ತುದಿಯ ಜಾಗ. ಓಡಿಸುವವನಿಗೆ ಏನು ಮುಖ್ಯ ಎಂಬ ಬಗ್ಗೆ ಇವರಿಗೆ ಒಂದು ಅಭಿಪ್ರಾಯವಿತ್ತು, ಅದನ್ನು ಗಾತ್ರದಲ್ಲೇ ಹೇಳಿದರು. ಈ ಇಂಜಿನ್ನಿಗೆ ನೀರೇ ಇಲ್ಲದ್ದರಿಂದ ನೀರಿನ ಶಾಖದ ಮುಳ್ಳಿಲ್ಲ. ಅದರ ಬದಲು ಎಣ್ಣೆಯ ಶಾಖ, ಎಣ್ಣೆಯ ಒತ್ತಡ, ಎಣ್ಣೆಯ ಮಟ್ಟ ಎಂದು ಮೂರು ಮುಳ್ಳುಗಳು. ಮಟ್ಟದ ಮುಳ್ಳು ನಿಜ ಹೇಳುವುದು ಇಂಜಿನ್ ಬಿಸಿಯಾಗಿ, ಸಮತಟ್ಟು ನೆಲದಲ್ಲಿ, ಸುಮ್ಮನೆ ಗುರುಗುಟ್ಟುತ್ತಿರುವಾಗ ಮಾತ್ರ. ಓಡುತ್ತಿರುವಾಗ ಅದು ಸೊನ್ನೆಗೆ ಬಿದ್ದದ್ದು ನೋಡಿ ನಾನು ಬೆವತು ಕಾರನ್ನು ಪಕ್ಕಕ್ಕೆ ಹಾಕಿದೆ. ಗೆಳೆಯ ಆ ಎರಡು ದಿನಗಳಲ್ಲಿ ಅಷ್ಟು ನಕ್ಕದ್ದು ಆಗ ಮಾತ್ರ.

ಹಾಗಾದರೆ ಯಾವುದು? ಎಂದು ಈಗ ಕಂಡವರೆಲ್ಲ ಕೇಳುತ್ತಾರೆ. ಜಾಗ್ವಾರನ್ನು ನಾನು ಮತ್ತೆ ಬಾಡಿಗೆಗೆ ತರುವುದಿಲ್ಲ. ಅದು ನಿಂತಿರುವಲ್ಲಿಗೆ ಹೋಗಿ ನೋಡಿ ಬರುತ್ತೇನೆ, ಸಾಧ್ಯವಾದರೆ ಆ ಮುದುಕರ ಹಾಗೆ ಒಮ್ಮೆ ಸವರುತ್ತೇನೆ. ಮೂರರಲ್ಲಿ ಅತ್ಯಂತ ಚೆಂದದ ಡ್ಯಾಶ್‌ಬೋರ್ಡ್ ಅದರದ್ದೇ, ಅತ್ಯಂತ ಕೆಟ್ಟದ್ದೂ ಅದೇ. ಓಡಿಸುವುದಕ್ಕಾದರೆ ಪೋರ್ಷೆ, ಮರುಮಾತಿಲ್ಲ. ಸಣ್ಣ ಸಂಗತಿಗಳಲ್ಲೆಲ್ಲ ಎಡವಿ ದೊಡ್ಡ ಸಂಗತಿಗಳಲ್ಲೆಲ್ಲ ಗೆದ್ದ ಕಾರು ಅದು. ಆದರೆ ಅದರ ಈಗಿನ ಬೆಲೆ ಕೇಳಿದರೆ ಹಾಸನದ ಮನೆಯ ಪತ್ರವನ್ನು ನೆನಪಿಸಿಕೊಳ್ಳಬೇಕಾಗುತ್ತದೆ. ಹೆಂಡತಿ ಎಂಜಿಬಿಗೆ ಮತ ಹಾಕಿದ್ದಾಳೆ. ಅವಳ ಕಾರಣ ಸ್ವಿಚ್ಚುಗಳದ್ದಲ್ಲ: ಆ ಕಾರಿನಲ್ಲಿ ಮಾತ್ರ ನಾನು ಮೀಟರುಗಳ ಬಗ್ಗೆ ಭಾಷಣ ಮಾಡದೆ ಅವಳ ಜೊತೆ ಮಾತಾಡಿದೆನಂತೆ.

ಈಗ ವಾರಾಂತ್ಯಗಳಲ್ಲಿ ಎಂಜಿಬಿ ಮಾರಾಟದ ಜಾಹೀರಾತುಗಳನ್ನು ನೋಡುತ್ತಿದ್ದೇನೆ. ನಮ್ಮ ಅಂಬಾಸಿಡರಿನ ದಾಯಾದಿಯನ್ನು ಕೊಳ್ಳುವ ಯೋಚನೆ ಇದೆ ಎಂದು ಕಳೆದ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಬೆಲೆ, ವರ್ಷ, ಬಣ್ಣ ಯಾವುದನ್ನೂ ಅವರು ಕೇಳಲಿಲ್ಲ.

"ಡಿಪ್ಪರ್ ಎಲ್ಲಿದೆ?" ಎಂದರು.

"ಕೆಳಗೇ ಅಪ್ಪ, ಎಡಗಾಲ ಹತ್ತಿರ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ನೆಲಕ್ಕೆ ಹಾಸುವ ಮ್ಯಾಟನ್ನು ಆ ಜಾಗದಲ್ಲಿ ಕತ್ತರಿಸಿಬಿಡು" ಎಂದರು. "ಇಲ್ಲದಿದ್ದರೆ ಅದು ಸರಿದು ಗುಂಡಿಯ ಮೇಲೆ ಕುಳಿತುಕೊಳ್ಳುತ್ತದೆ."